ರೀಫ್ ತೊಟ್ಟಿಗೆ ವೋರ್ಟೆಕ್ ಎಂಪಿ40: ಪಂಪ್ ಚೆನ್ನಾಗಿದೆ, ಆದರೆ ಮೊದಲು ಕೊಳವೆ ಸರಿಮಾಡಿ

ಹವಳದ ತೊಟ್ಟಿಯ ಮೂಲೆಯಲ್ಲಿ ಕಸ ಕೂರತೊಡಗಿತು, ಕಲ್ಲಿನ ಹಿಂಬದಿ ಕೆಂಪು ಲೋಳೆ ಹಬ್ಬಿತು ಎಂದರೆ ಹೆಚ್ಚಿನವರು ಮೊದಲು ಕೈಹಾಕುವುದು ರಿಟರ್ನ್ ಪಂಪಿಗೆ. ಇದ್ದದ್ದನ್ನು ಕಿತ್ತು ಇನ್ನೂ ದೊಡ್ಡದನ್ನು ಕೂರಿಸುತ್ತಾರೆ. ಆಮೇಲೆ ಓವರ್‌ಫ್ಲೋದಲ್ಲಿ (ತೊಟ್ಟಿಯ ಮೇಲ್ಮಟ್ಟದ ನೀರು ಉಕ್ಕಿ ಬೀಳುವ ಪೆಟ್ಟಿಗೆ) ಗೊಳಗೊಳ ಸದ್ದು, ಸಂಪ್ (ಕೆಳಗಿನ ಸಣ್ಣ ತೊಟ್ಟಿ) ತುಂಬ ಗುಳ್ಳೆ, ನೀರು ಮೊದಲಿಗಿಂತ ಬಿಸಿ. ಮೂಲೆಯ ಕಸ ಮಾತ್ರ ಇದ್ದಲ್ಲೇ ಇರುತ್ತದೆ. ರಿಟರ್ನ್ ಪಂಪ್ ಇರುವುದು ನೀರನ್ನು ಸಂಪ್, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಹೀಟರ್ ದಾಟಿಸಿ ವಾಪಸ್ ತರಲಿಕ್ಕೆ. ತೊಟ್ಟಿಯೊಳಗೆ ನೀರು ಕದಡುವ ಕೆಲಸಕ್ಕೆ ಬೇರೆಯದೇ ಪಂಪ್ ಬೇಕು. ಆ ಕೆಲಸಕ್ಕೆ ಇಕೋಟೆಕ್ ಮರೀನ್‌ನ ವೋರ್ಟೆಕ್ ಎಂಪಿ40 ಎಷ್ಟು ಒಗ್ಗುತ್ತದೆ, ಅದರ ಜೊತೆಗೆ ಕೊಳವೆಗಳಲ್ಲಿ ಏನೇನು ಬದಲಾಗಬೇಕು ಎಂದು ನೋಡೋಣ. ಲೆಕ್ಕಕ್ಕೆ ಹಿಡಿದದ್ದು 120 × 50 × 50 ಸೆಂ.ಮೀ. ತೊಟ್ಟಿ, ಅಂದರೆ 300 ಲೀಟರ್.

ಎಂಪಿ40ರ ಮೋಟಾರು ಗಾಜಿನ ಹೊರಗೆ, ರೆಕ್ಕೆ ಒಳಗೆ. ಎರಡನ್ನೂ ಹಿಡಿದಿರುವುದು ಅಯಸ್ಕಾಂತ ಮಾತ್ರ. ಹಾಗಾಗಿ ನೀರಿನೊಳಗೆ ವೈರ್ ಇಲ್ಲ, ಮೋಟಾರಿನ ಶಾಖದಲ್ಲಿ ಹೆಚ್ಚಿನ ಪಾಲು ಹೊರಗೇ ಉಳಿಯುತ್ತದೆ, ಒಳಗೆ ಕಾಣುವುದು ಅಂಗೈಯಗಲದ ಒಂದು ಬುಟ್ಟಿ. ಇದು ಕೂರುವುದು ಸುಮಾರು 10ರಿಂದ 19 ಮಿ.ಮೀ. ದಪ್ಪದ ಗಾಜಿಗೆ. ಅದಕ್ಕಿಂತ ತೆಳು ಗಾಜಾದರೆ ಎಂಪಿ10 ನೋಡಬೇಕು. ಗಾಜಿನ ದಪ್ಪಕ್ಕೆ ತಕ್ಕ ಸ್ಪೇಸರ್ ಹಾಕದಿದ್ದರೆ, ಒಳಭಾಗ ಹೊರಭಾಗ ನೇರಕ್ಕೆ ನೇರ ಕೂರದಿದ್ದರೆ ಕಟಕಟ ಸದ್ದು ಶುರು. ಪಂಪೇ ಕೆಟ್ಟಿದೆ ಎಂದು ಪೆಟ್ಟಿಗೆಗೆ ತುಂಬಿ ವಾಪಸ್ ಕಳಿಸುವ ಮುಂಚೆ ಇದನ್ನೊಮ್ಮೆ ನೋಡಿ. ಹೊರಭಾಗಕ್ಕೆ ಗಾಜಿನ ಹಿಂದೆ ಜಾಗ ಬೇಕು, ಗಾಳಿಯೂ ಆಡಬೇಕು. ಗೋಡೆಗೆ ಒತ್ತಿ ಇಟ್ಟ ತೊಟ್ಟಿಯ ಬೆನ್ನಿಗೆ ಇದು ಹಿಡಿಯುವುದಿಲ್ಲ, ಪಕ್ಕದ ಗಾಜೇ ಗತಿ.

ಕಂಪನಿ ಹೇಳುವ ಗರಿಷ್ಠ ಹರಿವು ಗಂಟೆಗೆ ಸುಮಾರು 17,000 ಲೀಟರ್. 300 ಲೀಟರಿಗೆ ಭಾಗಿಸಿದರೆ ಗಂಟೆಗೆ ಸುಮಾರು 57 ಸುತ್ತು, ಅಂದರೆ ತೊಟ್ಟಿಯ ಅಷ್ಟೂ ನೀರು ಅಷ್ಟು ಸಲ ಪಂಪ್ ದಾಟಿದಂತೆ. ಅಕ್ರೋಪೊರಾದಂಥ ಗಟ್ಟಿ ಹವಳಕ್ಕೆ 40 ಸುತ್ತು ಮತ್ತು ಮೇಲೆ, ಯೂಫಿಲಿಯಾದಂಥ ಮಾಂಸಲ ಹವಳಕ್ಕೆ 10ರಿಂದ 20 ಸುತ್ತು ಎಂಬುದು ಹವ್ಯಾಸಿಗಳ ವಾಡಿಕೆಯ ಲೆಕ್ಕ. ಹಾಗಾದರೆ ಒಂದೇ ಪಂಪ್ ಸಾಕಲ್ಲ ಎನಿಸುತ್ತದೆ. ಸಂಖ್ಯೆಗೆ ಸಾಕು, ಹವಳಕ್ಕೆ ಸಾಲದು. ಒಂದೇ ಪಂಪನ್ನು ಪೂರ್ಣ ವೇಗಕ್ಕಿಟ್ಟರೆ ಎದುರಿನ ಹವಳದ ಅಂಗಾಂಶ ಒಂದೇ ಮಗ್ಗುಲಿಂದ ಸವೆದು ಬಿಳಿ ಅಸ್ಥಿ ಕಾಣತೊಡಗುತ್ತದೆ, ಮರಳು ಎದ್ದು ದಿಬ್ಬವಾಗುತ್ತದೆ. ಎರಡು ಪಂಪನ್ನು ಎದುರುಬದುರು ಗಾಜಿಗೆ ಕೂರಿಸಿ, 40–50 ಶೇಕಡಾದಲ್ಲಿ ಓಡಿಸಿ, ಒಂದು ಏರಿದಾಗ ಇನ್ನೊಂದು ಇಳಿಯುವಂತೆ ಆಂಟಿ-ಸಿಂಕ್‌ಗೆ ಇಡುವುದೇ ಲೇಸು. ಎರಡು ಹರಿವು ನಡುವೆ ಡಿಕ್ಕಿ ಹೊಡೆದಾಗಲೇ ಹವಳಕ್ಕೆ ಬೇಕಾದ ಅಂಕುಡೊಂಕು ಚಲನೆ ಹುಟ್ಟುವುದು. ಪಂಪಿನ ಹರಿವಿನ ಮೋಡ್‌ಗಳಲ್ಲಿ ಗಟ್ಟಿ ಹವಳಕ್ಕೆ ರೀಫ್ ಕ್ರೆಸ್ಟ್, ಮೆದು ಹವಳಕ್ಕೆ ಲಗೂನ್. ಪಲ್ಸ್ ಮೋಡ್‌ನಲ್ಲಿ ನೋಡಲು ಚೆಂದದ ಅಲೆ ಏಳುತ್ತದೆ, ಜೊತೆಗೆ ತೊಟ್ಟಿಯ ಸ್ಟ್ಯಾಂಡೂ ತೂಗಾಡುತ್ತದೆ!

ಪಂಪನ್ನು ನೀರಿನ ಮಟ್ಟದಿಂದ ಒಂದು ಗೇಣಿನಷ್ಟು ಕೆಳಗೆ ಇಡಿ. ಇನ್ನೂ ಮೇಲಿಟ್ಟರೆ ಸುಳಿ ಎದ್ದು ಗಾಳಿ ಎಳೆಯುತ್ತದೆ, ತೊಟ್ಟಿ ತುಂಬ ಸಣ್ಣ ಗುಳ್ಳೆ. ತೀರಾ ಕೆಳಗಿಟ್ಟರೆ ಮರಳು ಹಾರುತ್ತದೆ. ಅನಿಮೊನಿ (ಹೂವಿನಂತೆ ಕಾಣುವ ಕಡಲಜೀವಿ) ಸಾಕುವವರು ಬುಟ್ಟಿಗೆ ಸ್ಪಾಂಜ್ ಕವರ್ ಹಾಕದೆ ಓಡಿಸಲೇಬಾರದು. ಅನಿಮೊನಿ ಜಾಗ ಬದಲಿಸುತ್ತಾ ಬಂದು ರೆಕ್ಕೆಗೆ ಸಿಕ್ಕಿದರೆ ಚೂರುಚೂರಾಗಿ ಇಡೀ ನೀರು ಕೆಡುತ್ತದೆ.

ಒಳಗಿನ ಚಲನೆ ಎಂಪಿ40 ವಹಿಸಿಕೊಂಡ ಮೇಲೆ ರಿಟರ್ನ್‌ಗೆ ಗಂಟೆಗೆ 5 ಸುತ್ತು ಸಾಕು. ನಮ್ಮ ಲೆಕ್ಕದಲ್ಲಿ 1,500 ಲೀಟರ್. ಪಂಪಿನ ಪೆಟ್ಟಿಗೆಯ ಮೇಲೆ ಬರೆದ ಸಂಖ್ಯೆ ಸೊನ್ನೆ ಎತ್ತರದ್ದು. ಸಂಪಿನಿಂದ ತೊಟ್ಟಿಯ ಅಂಚಿಗೆ 1.3 ಮೀಟರ್ ಏರಿ, ನಾಲ್ಕು ಎಲ್ಬೋ ದಾಟುವಷ್ಟರಲ್ಲಿ ಅದು ಗಣನೀಯವಾಗಿ ಇಳಿದಿರುತ್ತದೆ. ಊಹೆ ಬೇಡ, ಅಳೆಯಿರಿ: ರಿಟರ್ನ್ ಬಾಯಿಗೆ ಹೋಸ್ ಸಿಕ್ಕಿಸಿ ಅದೇ ಎತ್ತರದಲ್ಲಿ ಬಕೆಟ್ಟಿಗೆ ಬಿಡಿ. 10 ಲೀಟರ್ ತುಂಬಲು 24 ಸೆಕೆಂಡ್ ಹಿಡಿದರೆ ಗಂಟೆಗೆ 1,500 ಲೀಟರ್. 90 ಡಿಗ್ರಿ ಎಲ್ಬೋ ಒಂದರ ಬದಲು 45ರ ಎರಡು ಹಾಕಿ, ಪಂಪಿನ ಬಾಯಿಗಿಂತ ಕಿರಿದಾದ ಕೊಳವೆ ಎಲ್ಲೂ ಬಳಸಬೇಡಿ. ಪಂಪಿನ ಬಾಯಿಂದ ಮೊದಲ ಒಂದು ಗೇಣು ಮೆದು ಸಿಲಿಕಾನ್ ಹೋಸ್ ಇದ್ದರೆ ನಡುಕ ಕೊಳವೆಗೆ ಹತ್ತುವುದಿಲ್ಲ. ಅದರ ಮೇಲೊಂದು ಯೂನಿಯನ್ (ಬಿಚ್ಚಿ ಮತ್ತೆ ಸೇರಿಸಬಹುದಾದ ಜೋಡಣೆ) ಇರಲಿ, ಇಲ್ಲದಿದ್ದರೆ ತೊಳೆಯಲು ಪಂಪ್ ತೆಗೆಯುವಾಗ ಗರಗಸ ಹಿಡಿಯಬೇಕಾದೀತು.

ಈ ಅಪ್‌ಗ್ರೇಡ್‌ನಲ್ಲಿ ನಿಜವಾದ ನೆಮ್ಮದಿ ಕೊಡುವುದು ಡ್ರೈನ್, ಅಂದರೆ ಓವರ್‌ಫ್ಲೋದಿಂದ ಸಂಪಿಗೆ ನೀರು ಇಳಿಸುವ ಕೊಳವೆ. ಹವ್ಯಾಸಿಗಳಲ್ಲಿ ಬೀನ್‌ಅನಿಮಲ್ ಎಂದೇ ಹೆಸರಾದ ಮೂರು ಕೊಳವೆಯ ವ್ಯವಸ್ಥೆಗೆ ಸಾಟಿ ಇಲ್ಲ. ಮೊದಲ ಕೊಳವೆ ಪೂರ್ತಿ ಸೈಫನ್, ಗಾಳಿಯಿಲ್ಲದೆ ತುಂಬಿ ಹರಿಯುವುದರಿಂದ ಸದ್ದಿಲ್ಲ. ಎರಡನೆಯದರಲ್ಲಿ ನೂಲಿನಷ್ಟು ನೀರು ಗೋಡೆಗಂಟಿ ಜಾರುತ್ತದೆ, ಅದರ ತಲೆಗೆ ಒಂದು ಸಣ್ಣ ಏರ್‌ಲೈನ್ ಟ್ಯೂಬ್. ಮೂರನೆಯದು ಎತ್ತರದಲ್ಲಿ ಒಣಗಿ ನಿಂತ ಆಪತ್ಕಾಲದ ಕೊಳವೆ. ಸೈಫನ್‌ಗೆ ಬಸವನಹುಳು ಸಿಕ್ಕಿ ಕಟ್ಟಿತು ಎನ್ನಿ, ಓವರ್‌ಫ್ಲೋ ಪೆಟ್ಟಿಗೆಯಲ್ಲಿ ನೀರು ಏರುತ್ತದೆ, ಏರ್‌ಲೈನ್‌ನ ತುದಿ ಮುಳುಗುತ್ತದೆ, ಗಾಳಿ ನಿಂತದ್ದೇ ಎರಡನೆಯ ಕೊಳವೆಯೂ ಸೈಫನ್ ಆಗಿ ಪೂರ್ತಿ ಎಳೆಯತೊಡಗುತ್ತದೆ.

ಎಡವುವುದು ಮೂರು ಕಡೆ. ಸೈಫನ್‌ಗೆ ಬಾಲ್ ವಾಲ್ವ್ ಹಾಕುತ್ತಾರೆ; ಅದು ಕಾಲು ಸುತ್ತಿಗೇ ಮುಚ್ಚಿಕೊಳ್ಳುವುದರಿಂದ ಸೂಕ್ಷ್ಮವಾಗಿ ಹೊಂದಿಸಲು ಬರುವುದಿಲ್ಲ. ಗೇಟ್ ವಾಲ್ವೇ ಬೇಕು. ಎರಡನೆಯದು, ಸೈಫನ್ ಕೊಳವೆಯ ತುದಿಯನ್ನು ಸಂಪ್ ನೀರಿನೊಳಗೆ ಆಳಕ್ಕೆ ಇಳಿಸುತ್ತಾರೆ. 25 ಮಿ.ಮೀ. ಮೀರಿದರೆ ಕೊಳವೆಯಲ್ಲಿನ ಗಾಳಿ ಹೊರಬೀಳಲಾರದೆ ಸೈಫನ್ ಹಿಡಿಯುವುದಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಆಪತ್ಕಾಲದ ಕೊಳವೆ ಕಕ್ಕಸಿನ ಫ್ಲಶ್ಶಿನಂತೆ ಗುಡುಗುತ್ತದೆ. ಮೂರನೆಯದು ಗಾತ್ರದ ಆಸೆ. 1,500 ಲೀಟರಿಗೆ 1 ಇಂಚಿನ ಸೈಫನ್ ಧಾರಾಳ. ಒಂದೂವರೆ ಇಂಚು ಹಾಕಿದರೆ ವಾಲ್ವನ್ನು ಹೆಚ್ಚುಕಡಿಮೆ ಮುಚ್ಚಿಯೇ ಇಡಬೇಕಾಗುತ್ತದೆ, ಆ ಸಂದಿಗೆ ಪಾಚಿಯ ಚೂರು ಸಿಕ್ಕಿದರೂ ಸಾಕು, ಮಟ್ಟ ತಪ್ಪುತ್ತದೆ.

ಹೊಂದಿಸುವುದು ಹೀಗೆ. ವಾಲ್ವ್ ಪೂರ್ತಿ ತೆರೆದು ಪಂಪ್ ಹಾಕಿ. ಗುಳ್ಳೆ ನಿಂತು ಸದ್ದಡಗಿದ ಮೇಲೆ ವಾಲ್ವನ್ನು ಕಾಲು ಸುತ್ತಿನಂತೆ ಮುಚ್ಚುತ್ತಾ ಬನ್ನಿ. ಪ್ರತಿ ಸಲವೂ ಐದು ನಿಮಿಷ ಕಾಯಿರಿ, ಅವಸರ ಮಾಡಿದರೆ ಮಟ್ಟ ಕೈಗೆ ಸಿಗುವುದಿಲ್ಲ. ಎರಡನೆಯ ಕೊಳವೆಗೆ ತೆಳುವಾಗಿ ನೀರು ಇಳಿಯತೊಡಗಿದಾಗ ನಿಲ್ಲಿಸಿ. ಆಮೇಲೆ ಬೇಕೆಂದೇ ವಾಲ್ವ್ ಪೂರ್ತಿ ಮುಚ್ಚಿ ಎರಡನೆಯದು ಸೈಫನ್ ಆಗುತ್ತದೆಯೇ ನೋಡಿ, ಅದನ್ನೂ ಅಂಗೈಯಿಂದ ಮುಚ್ಚಿ ಮೂರನೆಯದು ಅಷ್ಟೂ ನೀರನ್ನು ಹೊರುತ್ತದೆಯೇ ನೋಡಿ. ಈ ಪರೀಕ್ಷೆ ಮಾಡದ ಡ್ರೈನ್ ಅರ್ಧ ಕಟ್ಟಿದ ಡ್ರೈನ್.

ಕರೆಂಟ್ ಹೋದಾಗ ರಿಟರ್ನ್ ಕೊಳವೆಯೂ ತಲೆಕೆಳಗಾಗಿ ಸೈಫನ್ ಆಗುತ್ತದೆ. ಈ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರು ಅಂದರೆ 6 ಲೀಟರ್. ನಳಿಕೆಯ ಬಾಯಿ 5 ಸೆಂ.ಮೀ. ಆಳದಲ್ಲಿದ್ದರೆ 30 ಲೀಟರ್ ಕೆಳಗಿಳಿಯುತ್ತದೆ, ಒಂದೂವರೆ ಸೆಂ.ಮೀ.ಗೆ ಎತ್ತಿದರೆ 9 ಮಾತ್ರ. ಕೊಳವೆ ಮತ್ತು ಓವರ್‌ಫ್ಲೋ ಪೆಟ್ಟಿಗೆಯಲ್ಲಿನ ನೀರು ಇದರ ಮೇಲೆ. ನೀರಿನ ಮಟ್ಟಕ್ಕೆ ತುಸು ಕೆಳಗೆ ರಿಟರ್ನ್ ಕೊಳವೆಗೆ 3 ಮಿ.ಮೀ. ತೂತು ಕೊರೆದರೆ ಅಲ್ಲಿ ಗಾಳಿ ಸೇರಿ ಸೈಫನ್ ಮುರಿಯುತ್ತದೆ. ತೂತಿಗೆ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿ ಹಾಕಬೇಕು. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್ ನಂಬಿ ಕೂತವರ ನೆಲ ಒಂದಲ್ಲ ಒಂದು ದಿನ ಒದ್ದೆ; ಉಪ್ಪು ನೀರಿನಲ್ಲಿ ಸುಣ್ಣ ಕಟ್ಟಿ ಅದರ ಬಾಗಿಲು ಅರೆತೆರೆದೇ ನಿಲ್ಲುತ್ತದೆ.

ಜೋಡಣೆಯ ವಿಷಯ ಚುಟುಕಾಗಿ: ಕತ್ತರಿಸಿದ ಅಂಚಿನ ಸಿಬಿರು ಕೆರೆದು ತೆಗೆಯಿರಿ, ಸಾಲ್ವೆಂಟ್ ಹಚ್ಚಿ ಕಾಲು ಸುತ್ತು ತಿರುಗಿಸಿ ಒತ್ತಿ ಅರ್ಧ ನಿಮಿಷ ಹಿಡಿದಿರಿ, ಒಂದು ದಿನ ಒಣಗಲು ಬಿಡಿ. ಗಾಜಿನ ತೂತಿಗೆ ಕೂರಿಸುವ ಬಲ್ಕ್‌ಹೆಡ್‌ನ ರಬ್ಬರ್ ವಾಷರ್ ಅಗಲ ತಲೆಯ ಕಡೆಗೇ ಬರಬೇಕು, ನಟ್ಟಿನ ಕಡೆಗಲ್ಲ. ಕೈಬಿಗಿ, ಮೇಲೊಂದು ಕಾಲು ಸುತ್ತು, ಅಷ್ಟೇ. ಸ್ಪ್ಯಾನರ್ ಹಾಕಿ ಬಿಗಿದರೆ ಗಾಜು ಸೀಳುತ್ತದೆ. ಹಿತ್ತಾಳೆಯ ನಲ್ಲಿ, ತಾಮ್ರದ ಜೋಡಣೆ ಎಲ್ಲೂ ಬೇಡ. ತಾಮ್ರ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ. ಉಪ್ಪು ಬೆರೆಸುವ ಮುಂಚೆ ಸಿಹಿನೀರಿನಲ್ಲಿ ಒಂದು ಇಡೀ ದಿನ ಓಡಿಸಿ, ಪ್ರತಿ ಜೋಡಣೆಯ ಕೆಳಗೆ ಒಣ ಟಿಶ್ಯೂ ಕಾಗದ ಇಡಿ. ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ.

ಮತ್ತೆ ಎಂಪಿ40ಕ್ಕೆ ಬಂದರೆ, ಇದರ ಗೋಳು ತೊಳೆಯುವುದು. ರೆಕ್ಕೆ ಮತ್ತು ಬುಟ್ಟಿಯ ನಡುವೆ ಕೋರಲೈನ್ ಪಾಚಿ ಗಟ್ಟಿಯಾಗಿ ಕಟ್ಟಿ ಹರಿವು ಗೊತ್ತಾಗದಂತೆ ಇಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಒಳಭಾಗವನ್ನು ಸಮಸಮ ನೀರು-ವಿನೆಗರ್‌ನಲ್ಲಿ ಒಂದು ತಾಸು ನೆನೆಸಿ, ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಜಾಲಾಡಿಸಿ. ಎರಡು ಭಾಗಗಳ ನಡುವೆ ಬೆರಳು ಸಿಕ್ಕದಂತೆ ನೋಡಿಕೊಳ್ಳಿ, ಅಯಸ್ಕಾಂತದ ಹಿಡಿತ ಜೋರು. ತೊಳೆದ ಮೇಲೂ ಕರಕರ ಸದ್ದು ಉಳಿದರೆ ಒಳಭಾಗ ಸವೆದಿದೆ ಎಂದರ್ಥ. ಅದೊಂದನ್ನೇ ಬೇರೆ ಕೊಂಡು ಹಾಕಬಹುದು, ಮೋಟಾರು ಎಸೆಯಬೇಕಿಲ್ಲ. ಈ ಪಂಪಿನಲ್ಲಿ ಅತಿ ಹೆಚ್ಚು ಮೆಚ್ಚಬೇಕಾದದ್ದು ಇದು, ಮತ್ತು ಕರೆಂಟ್ ಹೋದಾಗ ತಾನಾಗಿ ಬ್ಯಾಟರಿಗೆ ಹೊರಳಿ ತಗ್ಗಿದ ವೇಗದಲ್ಲಿ ಓಡುತ್ತಲೇ ಇರುವ ಸೌಲಭ್ಯ. ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು. ಕೈ ಬಿಗಿಯಿದ್ದರೆ ಈಗ ಒಂದು ಎಂಪಿ40 ಮತ್ತು ಬ್ಯಾಟರಿ ತನ್ನಿ, ಎರಡನೇ ಪಂಪ್ ಆಮೇಲೆ ಬರಲಿ. ಮಿದು ಹವಳ ಮಾತ್ರ ಇರುವ ಸಣ್ಣ ತೊಟ್ಟಿಗೆ ಇದು ಅತಿಯಾಯಿತು. ಅಲ್ಲಿ ಡ್ರೈನ್ ಒಂದನ್ನು ಸರಿಮಾಡಿ, ಸಾಮಾನ್ಯ ಪವರ್‌ಹೆಡ್ (ನೀರಿನೊಳಗೆ ಕೂರುವ ಸಣ್ಣ ಪಂಪ್) ಒಂದನ್ನು ಮೂಲೆಗೆ ತಿರುಗಿಸಿಟ್ಟರೆ ಕೆಲಸ ಆದಂತೆ.