ತಾಳಲಾರದ್ದಕ್ಕೆ ಯಾವ ಇಂಗ್ಲಿಷ್ ಪದ?

ಅಜ್ಜಿಯ ಮಂಡಿನೋವಿನ ಬಗ್ಗೆ ಪ್ರಬಂಧ ಬರೆಯುತ್ತಿರುವ ತೀರ್ಥಹಳ್ಳಿಯ ವಿದ್ಯಾರ್ಥಿನಿ ಕೇಳಿದ್ದಾಳೆ: ‘ಅನ್‌ಬೇರಬಲ್’ ಸರಿಯೋ, ‘ಇನ್‌ಟಾಲರಬಲ್’ ಸರಿಯೋ?

ಅರ್ಥ ಬಹಳ ಹತ್ತಿರ, ಬಳಕೆಯ ಜಾಗ ಬೇರೆ. ‘ಬೇರ್’ ಎಂದರೆ ಹೊರುವುದು. ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುವಾಗ ಕುತ್ತಿಗೆ ಇನ್ನು ತಾಳಲಾರೆ ಎನ್ನುತ್ತದಲ್ಲ, ಮೈಗೆ ತಾಗುವ ಆ ಭಾರ ಈ ಪದದಲ್ಲಿದೆ. ನೋವು, ದುಃಖ, ಸೆಕೆ ಎಲ್ಲಕ್ಕೂ ಹೊಂದುತ್ತದೆ; ಮಾತಿನಲ್ಲೂ ಸಲೀಸು. ಅಜ್ಜಿಯ ಮಂಡಿಗೆ ನಾನು ಇದನ್ನೇ ಬರೆಯುತ್ತೇನೆ.

‘ಇನ್‌ಟಾಲರಬಲ್’ ಎಂದಾಗ ಹೆಚ್ಚಾಗಿ ಆಕ್ಷೇಪದ ದನಿ ಕೇಳಿಸುತ್ತದೆ: ಇದನ್ನು ನಡೆಯಗೊಡಬಾರದು ಎಂಬಂತೆ. ಆಗುಂಬೆ ಘಾಟಿಯಲ್ಲಿ ಪ್ಲಾಸ್ಟಿಕ್ ಎಸೆಯುವುದರ ವಿರುದ್ಧ ಪತ್ರಿಕೆಗೆ ಬರೆಯುವಾಗ ಅದಕ್ಕೇ ತೂಕ ಹೆಚ್ಚು.

ಸದಾ ತನ್ನ ಹಿರಿಮೆಯನ್ನೇ ಕೊಚ್ಚಿಕೊಳ್ಳುವವರಿಗೆ ‘ಇನ್‌ಸಫರಬಲ್’ ಇದೆ. ಅದು ಹೆಚ್ಚಾಗಿ ಮನುಷ್ಯರಿಗೆ, ಅವರ ಅಹಂಕಾರಕ್ಕೆ.