ಎಸ್‌ಎಚ್ಚೋ ಬ್ಯಾಶೋ: ರಿವ್ಯೂನಲ್ಲಿ ಎರಡನ್ನೂ ಹಚ್ಚಿ ನೋಡಿದ್ದು

ಸಿಂಧನೂರಲ್ಲಿ ನಾವು ಮೂವರು ಸೇರಿ ನೋಡಿಕೊಳ್ಳುವ ಸಣ್ಣ ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದಿದೆ. ಭತ್ತದ ದರದ ಫೈಲುಗಳ ಹೆಸರು ತಿದ್ದಿ, ತಿಂಗಳವಾರು ಜೋಡಿಸುವ ಶೆಲ್ ಸ್ಕ್ರಿಪ್ಟುಗಳು, ಅಷ್ಟೇ. ಶೆಲ್ ಅಂದರೆ ಟೈಪ್ ಮಾಡಿದ ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂ, ಸ್ಕ್ರಿಪ್ಟ್ ಅಂದರೆ ಅಂಥ ಆಜ್ಞೆಗಳ ಫೈಲು. ಮೊದಲ ವರ್ಷ ಪೋಸಿಕ್ಸ್ (ಶೆಲ್‌ಗಳಿಗೆ ಸಾಮಾನ್ಯವಾದ ಕನಿಷ್ಠ ಮಾನಕ) ಎಸ್‌ಎಚ್‌ ಬಿಟ್ಟು ಬೇರೇನೂ ಒಪ್ಪುವುದಿಲ್ಲ ಅಂದೆವು. ಆಮೇಲೆ ಗೂಗಲ್‌ನ ಶೆಲ್ ಸ್ಟೈಲ್ ಗೈಡ್ (ಬರೆಯುವ ರೀತಿಯ ನಿಯಮಗಳು) ಎದುರಿಗಿಟ್ಟುಕೊಂಡು, ಹೆಚ್ಚು ಸೌಲಭ್ಯಗಳಿರುವ ಶೆಲ್ ಆದ ಬ್ಯಾಶ್‌ಗೆ ಬಂದೆವು.

ಎಸ್‌ಎಚ್‌ ನಿಯಮ ಬರೆಯೋದು ಸುಲಭ, ಕಾಯೋದು ಕಷ್ಟ. ನಮ್ಮ ತಂಡದ ಹುಡುಗನದು ಫೆಡೋರಾ ಲಿನಕ್ಸ್. ಅಲ್ಲಿ ಎಸ್‌ಎಚ್‌ ಅಂತ ಕರೆದರೂ ಓಗೊಡೋದು ಬ್ಯಾಶೇ. ನನ್ನದು ಉಬುಂಟು, ಅದರಲ್ಲಿ 2006ರ 6.10 ಆವೃತ್ತಿಯಿಂದಲೂ ಆ ಹೆಸರಿಗೆ ಓಗೊಡೋದು ಡ್ಯಾಶ್ ಎಂಬ ಚಿಕ್ಕ ಶೆಲ್. ಅವನು ಬರೆದ 'ಎಕೋ -ಇ' ಸಾಲು (ಎಕೋ ಅಂದರೆ ಪಠ್ಯ ಅಚ್ಚು ಮಾಡುವ ಆಜ್ಞೆ; '-ಇ' ಸೂಚನೆ ಡ್ಯಾಶ್‌ಗೆ ಗೊತ್ತಿಲ್ಲ) ನನ್ನಲ್ಲಿ ಓಡಿದಾಗ ವರದಿಯ ನೆತ್ತಿಯ ಮೇಲೆ '-ಇ' ಅಂತಲೇ ಅಚ್ಚಾಗಿತ್ತು. "ಯಾಕಣ್ಣ, ನಂದ್ರಾಗ ಸರಿ ಓಡಕ್ಹತ್ತೈತಲ್ಲ" ಅಂದ. ಎಕೋ ಬದಲು ಎರಡರಲ್ಲೂ ಒಂದೇ ಥರ ನಡೆಯುವ ಪ್ರಿಂಟ್‌ಎಫ್ ಹಾಕಿಸಿದೆ. ಶೆಲ್‌ಚೆಕ್ ಎಂಬ ತಪ್ಪು ಹುಡುಕುವ ಉಪಕರಣ ಕೂಡಿಸಿದ ಮೇಲೆ ಈ ಜಗಳ ನಿಂತಿತು. ಅದು ಸ್ಕ್ರಿಪ್ಟಿನ ಮೊದಲ ಸಾಲು ನೋಡಿಯೇ ಯಾವ ಶೆಲ್ ಅಂತ ತಿಳಿದುಕೊಂಡು ಎಚ್ಚರಿಸುತ್ತದೆ.

ನಿಜವಾಗಿ ಸೋತದ್ದು ಫೈಲುಗಳ ಪಟ್ಟಿ ಹಿಡಿದಿಡುವಲ್ಲಿ. ಪೋಸಿಕ್ಸ್‌ನಲ್ಲಿ ಅರೇ, ಅಂದರೆ ಹಲವು ಮೌಲ್ಯಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ ಪಟ್ಟಿ, ಇಲ್ಲ. ಹೆಸರುಗಳನ್ನೆಲ್ಲ ಒಂದೇ ವೇರಿಯಬಲ್‌ಗೆ ಪೋಣಿಸಿ ಲೂಪ್‌ಗೆ ಕೊಟ್ಟರೆ 'ಸೋನಾ ಮಸೂರಿ ಜನವರಿ' ಎಂಬ ಒಂದು ಫೈಲು ನಡುವಿನ ಖಾಲಿ ಜಾಗಗಳಲ್ಲಿ ಮೂರಾಗಿ ಒಡೆಯಿತು. ಕೋಟ್ ಹಾಕಿದರೆ ಇಡೀ ಪಟ್ಟಿಯೇ ಒಂದು ಹೆಸರಾಯಿತು. ಬ್ಯಾಶ್ ಅರೇಯಲ್ಲಿ ಈ ತಲೆನೋವೇ ಇಲ್ಲ, ರಿವ್ಯೂ ಮಾಡುವವನ ಕಣ್ಣಿಗೂ ಹಿತ.

ಹಾಗಂತ ಬ್ಯಾಶ್ ಸಾಧುವೇನಲ್ಲ. ಮ್ಯಾಕ್ ಜೊತೆ ಬರೋದು ಇವತ್ತಿಗೂ ಬ್ಯಾಶ್‌ನ ಹಳೆಯ 3.2 ಆವೃತ್ತಿ. ಹೆಸರಿಗೆ ಮೌಲ್ಯ ಹೊಂದಿಸಿಡುವ ಅಸೋಸಿಯೇಟಿವ್ ಅರೇ ಬಂದದ್ದು 4.0ರಲ್ಲಿ. ತಿಂಗಳ ಹೆಸರಿಗೆ ಅಂಕಿ ಹೊಂದಿಸೋಕೆ ಅದನ್ನೇ ನಂಬಿದ್ದ ಪ್ಯಾಚ್ (ತಿದ್ದುಪಡಿ) ಒಂದು ಗೆಳೆಯನ ಮ್ಯಾಕ್‌ನಲ್ಲಿ ಮುಗ್ಗರಿಸಿತು. ಅದರ ಬದಲು, ಒಂದೊಂದು ಹೆಸರಿಗೂ ಬೇರೆ ಬೇರೆ ಸಾಲು ಕೊಡುವ 'ಕೇಸ್' ಎಂಬ ಶೆಲ್ ರಚನೆ ಹಾಕಿ ಬರೆಸಿದೆವು.

ಇಂಡೆಂಟ್ (ಸಾಲಿನ ಆರಂಭದ ಜಾಗ) ಟ್ಯಾಬೋ ಎರಡು ಸ್ಪೇಸೋ ಅಂತ ವಾದಿಸಿದ ಸಂಜೆಗಳು ದಂಡ. ಅದನ್ನು ತಾನಾಗಿ ಸರಿಪಡಿಸುವ ಉಪಕರಣವಾದ ಎಸ್‌ಎಚ್‌ಎಫ್‌ಎಂಟಿಗೆ ಬಿಟ್ಟೆವು.

ಈಗ ಇನ್‌ಸ್ಟಾಲ್ ಸ್ಕ್ರಿಪ್ಟ್ ಮಾತ್ರ ಎಸ್‌ಎಚ್‌, ಯಾಕೆಂದರೆ ತೀರಾ ಚಿಕ್ಕ ಲಿನಕ್ಸ್ ಆದ ಆಲ್ಪೈನ್‌ನಲ್ಲಿ ಬ್ಯಾಶ್ ತಾನಾಗಿ ಇರುವುದಿಲ್ಲ. ಉಳಿದದ್ದೆಲ್ಲ ಬ್ಯಾಶ್, 3.2 ದಾಟದಂತೆ. ನೂರು ಸಾಲು ಮೀರಿದರೆ ಬೇರೆ ಭಾಷೆಗೆ ಹೋಗಿ ಅನ್ನುವ ಗೂಗಲ್ ಮಾತನ್ನೂ ನಿಯಮಕ್ಕೆ ಸೇರಿಸಿದ್ದೇವೆ. ಒಂದು ಸ್ಕ್ರಿಪ್ಟ್ ನೂರಾನಲವತ್ತಕ್ಕೆ ಬಂದು ನಿಂತಿದೆ. ಬರೆದವನು ನಾನೇ, ಹುಡುಗ ವಾರಕ್ಕೊಮ್ಮೆ ನೆನಪಿಸುತ್ತಾನೆ.