ಚಿಕ್ಕಮಗಳೂರಿನಲ್ಲಿ ಕೊಂಡ ಅಕ್ರೋಟ್ ಮರದ ಹಳೆಯ ಕಪಾಟು

ಕಾಫಿ ತೋಟದ ಬಂಗಲೆಗಳು ಮಾರಾಟವಾದಾಗ ಅಲ್ಲಿನ ಬೀಟೆ ಮಂಚ, ತೇಗದ ಆರಾಮಕುರ್ಚಿಗಳು ಚಿಕ್ಕಮಗಳೂರಿನ ಅಂಗಡಿಗಳಿಗೆ ಬರುತ್ತವೆ. ಬಹಳಷ್ಟು ಕಡೆ ಅವುಗಳ ಮೈಯನ್ನು ಉಜ್ಜಿ ತೆಗೆದು, ಹೊಳಪು ಬಳಿದು, ನಿನ್ನೆ ಮೊನ್ನೆ ಮಾಡಿದ ಸಾಮಾನಿನಂತೆ ನಿಲ್ಲಿಸಿಬಿಡುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಐ.ಜಿ. ರಸ್ತೆಯ ಹಿಂದಿನ ಓಣಿಯಲ್ಲಿರುವ ಈ ಪುಟ್ಟ ಅಂಗಡಿಯವರು ಆ ಪಾಪ ಮಾಡುವುದಿಲ್ಲ.

ನಾನು ಕೊಂಡದ್ದು ಮೂರು ಡ್ರಾಯರ್‌ಗಳ ಗಿಡ್ಡ ಕಪಾಟು. ಕೆಳಗಿಳಿಯುತ್ತಾ ಸಪೂರವಾಗುವ ನೇರ ಕಾಲುಗಳು. ಮುಂಭಾಗದಲ್ಲಿ ತಿಳಿಬಣ್ಣದ ಮರದ ಚೂರುಗಳನ್ನು ಕೂರಿಸಿ ಮೂಡಿಸಿದ ಹೂದಾನಿ, ಎಲೆಹಾರ. 1748ರಲ್ಲಿ ಪಾಂಪೆಯ ಉತ್ಖನನ ಆರಂಭವಾದ ಮೇಲೆ ಯುರೋಪಿನ ಬಡಗಿಗಳು ಬಾಗಿದ ಕಾಲು, ಬಳುಕುವ ಬಳ್ಳಿಗಳನ್ನು ಬಿಟ್ಟು ಗ್ರೀಕ್, ರೋಮನ್ ಕಟ್ಟಡಗಳ ನೇರ ಗೆರೆಗಳಿಗೆ ಮನಸೋತರು. ಆ ಹೊತ್ತಿಗೆ ಇಂಗ್ಲೆಂಡಿನ ಸಿರಿವಂತರಿಗೆ ಮಹಾಗನಿಯ ಮೋಹ. ಇಟಲಿಯಲ್ಲಿ ಅಕ್ರೋಟ್ ಬಳಕೆ ನಿಲ್ಲಲಿಲ್ಲ. ಮಿಲಾನ್ ಬಳಿಯ ಬಡಗಿ ಜುಸೆಪ್ಪೆ ಮಜ್ಜೊಲೀನಿ (1738–1814) ಇಂಥ ಕೂರಣೆ ಕೆಲಸದಿಂದಲೇ ಹೆಸರಾದವನು.

"ಇದೂ ಆ ಕಾಲದ್ದೇನಾ?" ಎಂದು ಆಸೆಯಿಂದ ಕೇಳಿದೆ. ಹೌದು ಎಂದಿದ್ದರೆ ನಂಬಿ ಹಣ ಕೊಡುತ್ತಿದ್ದೆ. ಅಂಗಡಿಯ ಯಜಮಾನರು ಒಂದು ಡ್ರಾಯರ್ ಎಳೆದು ಬೋರಲು ಹಾಕಿ ಟಾರ್ಚ್ ಹಿಡಿದರು. "ನೋಡಿಯಮ್ಮ, ತಳದಲ್ಲಿ ಕಮಾನಿನ ಹಾಗೆ ಗೀರುಗಳಿವೆ. ಇದು ಚಕ್ರಗರಗಸದಲ್ಲಿ ಸೀಳಿದ ಹಲಗೆ. ಸ್ಕ್ರೂಗಳ ತುದಿಯೂ ಚೂಪು. ಹಳೆಯ ಶೈಲಿಯನ್ನು ನೋಡಿಕೊಂಡು ಆಮೇಲೆ ಮಾಡಿದ್ದು ಇದು." ಎಡಗಾಲಿನ ತುದಿಗೆ ತಾವೇ ಹೊಸ ಮರ ಸೇರಿಸಿದ್ದನ್ನೂ ತೋರಿಸಿದರು, ರಸೀದಿಯಲ್ಲೂ ಬರೆದುಕೊಟ್ಟರು.

ದುರಸ್ತಿಯೂ ಅಷ್ಟೇ ಪ್ರಾಮಾಣಿಕ. ಒಳಗಿನ ಅಗ್ಗದ ಮರದ ಮೇಲೆ ಅಂಟಿಸಿರುವ ಅಕ್ರೋಟ್ ಪದರ ಬಹಳ ತೆಳು. ಮರಳು ಕಾಗದ ಜೋರಾಗಿ ಆಡಿಸಿದರೆ ಸವೆದೇ ಹೋಗುತ್ತದೆ. ಇವರು ಕೊಳೆಯನ್ನಷ್ಟೇ ತೆಗೆದು, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಸವರಿದ್ದಾರೆ. ಎದ್ದಿದ್ದ ಅಂಚುಗಳನ್ನು ಬಿಸಿ ಮರವಜ್ರದಿಂದ, ಅಂದರೆ ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡುವ ಅಂಟಿನಿಂದ, ಕೂರಿಸಿದ್ದಾರೆ. ಮುಂದೆ ಯಾರಾದರೂ ಬಿಚ್ಚಬೇಕಾದರೆ ಶಾಖಕ್ಕೆ, ತೇವಕ್ಕೆ ಅದು ಬಿಡುತ್ತದೆ. ಮೇಲ್ಗಡೆಯ ಶಾಯಿಯ ಕಲೆಯನ್ನು ಹಾಗೆಯೇ ಉಳಿಸಿದ್ದಾರೆ, ನನಗೆ ಅದೇ ಹೆಚ್ಚು ಇಷ್ಟ.

ಬೇಸರ ತಂದದ್ದು ತಲುಪಿಸಿದ ರೀತಿ. ಗೌರಿ ಹಬ್ಬಕ್ಕೆ ಎಂದವರು ದಸರಾ ಕಳೆದ ಮೇಲೆ ಕಳುಹಿಸಿದರು. ಮಳೆಯ ತೇವಕ್ಕೆ ಅರಗಿನ ಪಾಲಿಶ್ ಬೆಳ್ಳಗೆ ಮಂಕಾಗುತ್ತದೆ ಎಂಬ ಕಾರಣ ಸರಿಯೇ, ಆದರೆ ಮುಂಗಡ ಪಡೆಯುವಾಗಲೇ ಅದನ್ನು ಹೇಳಬೇಕಿತ್ತು. ಫೋನ್ ಕೂಡ ಎತ್ತುತ್ತಿರಲಿಲ್ಲ.

ಈ ಆಷಾಢದಲ್ಲಿ ಕೆಳಗಿನ ಡ್ರಾಯರ್ ಬಿಗಿಯಾಯಿತು. ಕೀಸಿ ಕೊಡಿ ಎಂದರೆ ಒಪ್ಪಲಿಲ್ಲ. ಮಳೆ ಕಡಿಮೆಯಾದರೆ ಮರ ತಾನೇ ಕುಗ್ಗುತ್ತದೆ, ಈಗ ಕೀಸಿದರೆ ಬೇಸಿಗೆಯಲ್ಲಿ ಸಡಿಲವಾಗಿ ಅಲ್ಲಾಡುತ್ತದೆ ಎಂದರು. ಕಾರ್ತಿಕದಲ್ಲಿ ಸರಾಗವಾಗಿ ಹೊರಬಂತು.

ಹೋಗುವವರು ಹಿಂದಿನ ಶೆಡ್ಡನ್ನು ತೋರಿಸಲು ಕೇಳಿ. ಒಳ್ಳೆಯ ಸಾಮಾನೆಲ್ಲ ಅಲ್ಲಿದೆ. ಸೋಮವಾರ ರಜೆ.